ಗೋಲು ಹೊಡೆಯದವನ ಪರವಾಗಿ

ಮೊದಲ ಸಲ ಲಿಫ್ಟಿನಲ್ಲಿ ಸಿಕ್ಕಾಗ ಅವನು ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದ. ನನ್ನ ಜೊತೆಗಿದ್ದ ಅಕ್ಕನ ಮಗಳು ಹೆಮ್ಮೆಯಿಂದ, "ಚಿಕ್ಕಿ, ದಿಸ್ ಇಸ್ ಮೈ ಫ್ರೆಂಡ್ಸ್ ಡ್ಯಾಡ್. ಪ್ರೊಫೆಷನಲ್ ಫುಟ್‌ಬಾಲರ್, ಫ್ರಮ್ ಪೋರ್ಚುಗಲ್," ಎಂದಳು.

"ಹೌದಾ? ಎಷ್ಟು ಗೋಲು ಹೊಡೆದಿದ್ದೀರಿ?" ಎಂದು ನಾನು ಅವನನ್ನೇ ಕೇಳಿದೆ.

"ನಾನು ಮಿಡ್‌ಫೀಲ್ಡರ್."

"ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ."

ಕನ್ನಡಿಯಿಂದ ಮುಖ ತಿರುಗಿಸಿ ನನ್ನನ್ನು ಅಳೆದು ನೋಡಿದ. ಮೂರನೇ ಮಹಡಿ ಬಂದು ಬಾಗಿಲು ತೆರೆಯಿತು. ಇಳಿಯುವಾಗ, ಸಾಕ್ಷಿಕಟ್ಟೆಯಲ್ಲಿ ನಿಂತವನ ಹಾಗೆ, "ಸ್ವಲ್ಪ," ಎಂದ.

ನನಗೆ ಫುಟ್‌ಬಾಲಿನ ಮೇಲೆ ದ್ವೇಷವೇನಿಲ್ಲ. ಆದರೆ ಯಾರಾದರೂ ತಾನು ಇಂಥವನು ಎಂದರೆ ಪುರಾವೆ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳೆಂದರೆ ಪ್ರಾಣ. ಚೀಟಿ ಎತ್ತಿದಾಗ ಬಂದದ್ದೇ ನಮ್ಮ ಪಕ್ಷ; ಮರಣದಂಡನೆಯ ಪರವಾಗಿ ಬೆಳಿಗ್ಗೆ, ವಿರುದ್ಧವಾಗಿ ಮಧ್ಯಾಹ್ನ ಮಾತಾಡಿ ಎರಡರಲ್ಲೂ ಗೆದ್ದಿದ್ದೇನೆ. ಹಾಗೆ ಬೆಳೆದವಳಿಗೆ ಎದುರಿಗಿರುವವರ ಮಾತಿನಲ್ಲಿ ಮೊದಲು ಕಾಣುವುದು ಅದರ ಬಿರುಕು. ಈಗ ಮಲೇಷ್ಯಾದ ನಿಲಾಯ್ ಎಂಬ ಊರಿನ ವಿಶ್ವವಿದ್ಯಾಲಯವೊಂದರಲ್ಲಿ ಅದೇ ವಿದ್ಯೆಯನ್ನು ಕಲಿಸಿ ಸಂಬಳ ತೆಗೆದುಕೊಳ್ಳುತ್ತೇನೆ. ಇರುವುದು ಅಕ್ಕ-ಭಾವನ ಮನೆಯಲ್ಲಿ. ಅಕ್ಕನ ಸಾಫ್ಟ್‌ವೇರ್ ಕೆಲಸ ಕೌಲಾಲಂಪುರದಲ್ಲಿ, ಉಡುಪಿ ಕಡೆಯ ನಮ್ಮ ಭಾವ ಪಾಠ ಮಾಡುವುದು ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ. ನಿಲಾಯ್ ಎರಡಕ್ಕೂ ನಡುವೆ ಬರುತ್ತದೆ, ಹಾಗಾಗಿ ದಿನಾ ಸಂಜೆ ಇಬ್ಬರೂ ಸಮಸಮವಾಗಿ ಟ್ರಾಫಿಕ್ಕನ್ನು ಬೈಯುತ್ತಾ ಮನೆಗೆ ಬರುತ್ತಾರೆ.

ಮಿಡ್‌ಫೀಲ್ಡರನ ಸಂಸಾರ ನಮ್ಮ ಎದುರು ಮನೆಯಲ್ಲಿತ್ತು. ಅವನು, ಹೆಂಡತಿ, ಒಬ್ಬಳು ಮಗಳು. ಅವನು ಆಡುತ್ತಿದ್ದುದು ಹತ್ತಿರದ ಊರಿನ ಒಂದು ಕ್ಲಬ್ಬಿಗೆ. ಅವನ ಮಗಳೂ ಅಕ್ಕನ ಮಗಳೂ ಒಂದೇ ತರಗತಿ. ಯಾರ ಚಪ್ಪಲಿ ಯಾರ ಬಾಗಿಲಲ್ಲಿದೆ ಎಂದು ನೋಡಿ ಯಾವ ಹುಡುಗಿ ಎಲ್ಲಿದ್ದಾಳೆ ಎಂದು ಹೇಳಲಾಗದಷ್ಟು ಒಂದಾಗಿದ್ದರು.

ಒಂದು ಭಾನುವಾರ ಅವನು ನಮ್ಮ ಬಾಗಿಲು ತಟ್ಟಿ ನನ್ನನ್ನೇ ಕೇಳಿದ. ಮುಖ ಸಪ್ಪಗಿತ್ತು. ಈ ಸೀಸನ್ ಮುಗಿದ ಮೇಲೆ ಕ್ಲಬ್ಬು ಅವನನ್ನು ಇಟ್ಟುಕೊಳ್ಳುವುದಿಲ್ಲವಂತೆ. ಮೂವತ್ತಾರು ವಯಸ್ಸು, ಎರಡು ಸಲ ಕೊಯ್ಸಿಕೊಂಡ ಮಂಡಿ. ಬೇರೆ ಕ್ಲಬ್ಬು ಕರೆಯುವ ಹಾಗಿಲ್ಲ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮಗಳ ಶಾಲೆ ಹೋಯಿತು. ಮಕ್ಕಳಿಬ್ಬರೂ ಓದುವ ಶಾಲೆಗೆ ಈಗ ಒಬ್ಬ ಫುಟ್‌ಬಾಲ್ ಕೋಚ್ ಬೇಕಾಗಿದ್ದ. ಇವನು ಅರ್ಜಿ ಹಾಕಿದ್ದ, ಸಂದರ್ಶನಕ್ಕೂ ಕರೆದಿದ್ದರು. ಮೂರು ಜನರ ಮುಂದೆ ನಿಂತು ಹತ್ತು ನಿಮಿಷ ತನ್ನ ವೃತ್ತಿಜೀವನದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕು.

"ನನ್ನ ಮಗಳು ಹೇಳಿದಳು, ನೀನು ಮಾತಿನ ಟೀಚರ್ ಅಂತೆ," ಎಂದ. "ಮೈದಾನದಲ್ಲಿ ಇಪ್ಪತ್ತು ಸಾವಿರ ಜನ ಕೂಗಿದರೂ ನನಗೆ ಏನೂ ಆಗುವುದಿಲ್ಲ. ಈ ಮೂರು ಜನ ಸುಮ್ಮನೆ ಕೂತಿರುತ್ತಾರಲ್ಲ, ಅದಕ್ಕೆ ಭಯ."

ನಾನು ಒಪ್ಪಿಕೊಂಡೆ. ಮನಸ್ಸಿನಲ್ಲಿ ಮಾತ್ರ, ಇದು ದುರ್ಬಲ ಪಕ್ಷದ ಚೀಟಿ ಎಂದುಕೊಂಡೆ. ಅಂಥ ಚೀಟಿ ಬಂದಾಗಲೇ ನನಗೆ ಹುರುಪು.

ನಮ್ಮ ತರಗತಿ ನಡೆಯುತ್ತಿದ್ದುದು ಕಟ್ಟಡದ ಕೆಳಗಿನ ಮಾಮಕ್ ಅಂಗಡಿಯಲ್ಲಿ, ಎಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಅವನ ಪ್ರಾಕ್ಟೀಸು ಮುಗಿದ ಮೇಲೆ, ಅವನಿಗೆ ಐಸ್ ಹಾಕಿದ ಮೈಲೊ, ನನಗೆ ಟೀ ಮತ್ತು ರೋಟಿ. ಮೊದಲ ದಿನ ಅವನ ಕಥೆಯನ್ನು ಅವನ ಮಾತಿನಲ್ಲೇ ಹೇಳಲು ಬಿಟ್ಟೆ. ಬಸ್ ಕಂಡಕ್ಟರ್ ಸ್ಟಾಪು ಕೂಗಿದ ಹಾಗಿತ್ತು. ಪೋರ್ಚುಗಲ್ಲಿನ ಉತ್ತರಕ್ಕೆ, ಮನೆಮನೆಯವರೂ ಚಪ್ಪಲಿ-ಬೂಟಿನ ಕಾರ್ಖಾನೆಗೆ ಹೋಗುವ ಒಂದು ಊರು. ಹುಡುಗನಾಗಿದ್ದಾಗ ದೊಡ್ಡ ಕ್ಲಬ್ಬಿನ ಕಿರಿಯರ ತಂಡ, ಹದಿನೆಂಟಕ್ಕೆ ಅಲ್ಲಿಂದ ಹೊರಗೆ. ಎರಡನೇ ದರ್ಜೆಯ ಲೀಗು. ಸೈಪ್ರಸ್. ರೊಮೇನಿಯ. ಥಾಯ್ಲೆಂಡ್. ಕೊನೆಗೆ ಇಲ್ಲಿ. ನಡುನಡುವೆ ಒಂದು ಗೋಲಿನ ವರ್ಣನೆ. ಚೆಂಡು ನೆಲ ಮುಟ್ಟುವ ಮೊದಲೇ, ದೂರದಿಂದ, ಎಡಗಾಲಿನಲ್ಲಿ. ಹೇಳುವಾಗ ಎದ್ದು ನಿಂತು ಕಾಲು ಬೀಸಿದ. ಪಕ್ಕದ ಮೇಜಿನವರು ತಮ್ಮ ತಟ್ಟೆಗಳನ್ನು ಹತ್ತಿರ ಎಳೆದುಕೊಂಡರು.

"ಆ ಗೋಲಿನಿಂದ ಮ್ಯಾಚು ಗೆದ್ದಿರಾ?"

"ಇಲ್ಲ. ಮೂರು-ಒಂದು. ಸೋತೆವು."

"ಹಾಗಾದರೆ ಅದು ಯಾವುದಕ್ಕೆ ಪುರಾವೆ?"

"ಸೌಂದರ್ಯಕ್ಕೆ!" ಎಂದ ಸಿಟ್ಟಿನಿಂದ. ಆಮೇಲೆ ಸಮಾಧಾನ ಮಾಡಿಕೊಂಡು ಮಿಡ್‌ಫೀಲ್ಡರ್ ಎಂದರೇನು ಎಂದು ನನಗೆ ತಿಳಿಯಹೇಳಿದ. "ಕೇಳು ಟೀಚರ್. ಗೋಲು ಹೊಡೆದವನ ಫೋಟೋ ಬರುತ್ತದೆ. ಅವನಿಗೆ ಚೆಂಡು ಕೊಟ್ಟವನ ಹೆಸರು ಬರುತ್ತದೆ. ಆ ಕೊಟ್ಟವನಿಗೆ ಕೊಟ್ಟವನಿದ್ದಾನಲ್ಲ, ಅವನು ನಾನು."

"ಚೆನ್ನಾಗಿದೆ. ಆದರೆ ಹೀಗೆ ಯಾರು ಬೇಕಾದರೂ ಹೇಳಬಹುದು. ಪರೀಕ್ಷಿಸಿ ನೋಡಲಾಗದ ಮಾತು ಇದು."

ಅವನು ತನ್ನ ಭಾಷೆಯಲ್ಲಿ ಏನೋ ಗೊಣಗಿದ. ಅದು ಹೊಗಳಿಕೆಯಾಗಿರಲಿಲ್ಲ.

ನಾನು ಅವನಿಗೆ ನಮ್ಮ ಚರ್ಚೆಯ ಹಳೆಯ ವರಸೆಯೊಂದನ್ನು ಹೇಳಿಕೊಟ್ಟೆ. ಎದುರಾಳಿಯ ಅತ್ಯಂತ ಬಲವಾದ ವಾದವನ್ನು ಅವನಿಗಿಂತ ಮೊದಲು ನಾವೇ ಎತ್ತಿ, ನಾವೇ ಮುರಿದುಬಿಡಬೇಕು. ಹಾಗೆ ಮಾಡಿದರೆ ಎದುರಿನವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಭಾಷಣದ ಆರಂಭವನ್ನು ಬಾಯಿಪಾಠ ಮಾಡಿಸಿದೆ. ಅವನು ಶ್ರದ್ಧೆಯಿಂದ ಕಲಿತ. ಎಷ್ಟೆಂದರೆ, ಮೂರನೇ ದಿನ ರೋಟಿ ತಂದ ಹುಡುಗನಿಗೂ ಅದನ್ನು ಒಪ್ಪಿಸಿದ.

ಶನಿವಾರ ಮಧ್ಯಾಹ್ನ ನಮ್ಮ ಮನೆಯ ಹಾಲಿನಲ್ಲಿ ನಕಲಿ ಸಂದರ್ಶನ ಇಟ್ಟೆ. ಸೋಫಾದ ಮೇಲೆ ಭಾವ, ಅಕ್ಕ, ಅವರ ಮಗಳು. ಇವನು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಕೂದಲಿಗೆ ಏನೋ ಬಳಿದುಕೊಂಡು ಬಂದು ಟಿವಿಯ ಮುಂದೆ ನಿಂತ.

"ನಾನು ಹೆಚ್ಚು ಗೋಲು ಹೊಡೆದಿಲ್ಲ," ಎಂದು ಶುರುಮಾಡಿದ. "ನಾನು ದೊಡ್ಡ ಕ್ಲಬ್ಬಿಗೆ ಆಡಿಲ್ಲ. ನನ್ನ ದೇಶಕ್ಕೆ ಆಡಿಲ್ಲ. ನನ್ನನ್ನು ಹದಿನೆಂಟರಲ್ಲಿ ಬೇಡ ಎಂದು ಕಳಿಸಿದರು. ನನ್ನ ಬಲಮಂಡಿ ಹಾಳಾಗಿದೆ. ಆದರೂ..."

ಆ 'ಆದರೂ' ಮೇಲೆ ಧ್ವನಿ ಏರಿಸಬೇಕೆಂದು ನಾನು ಹೇಳಿಕೊಟ್ಟಿದ್ದೆ. ಏರಿಸಿದ. ಅಷ್ಟರಲ್ಲಿ ಅಕ್ಕನ ಕಣ್ಣಲ್ಲಿ ಆಗಲೇ ಕನಿಕರ ತುಂಬಿತ್ತು. ಭಾವ ಕೈ ಎತ್ತಿ ಅವನನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಮಾರಾಯ್ತಿ, ಒಂದು ಡೌಟು. ಇವನಿಗೆ ಕೆಲಸ ಸಿಗ್ಲಿಕ್ಕೆ ನೀನು ತಯಾರು ಮಾಡಿದ್ದಾ, ಸಿಗದೆ ಇರ್ಲಿಕ್ಕಾ?"

"ಭಾವ, ಅದು ಪೂರ್ವಖಂಡನೆ. ಎದುರಾಳಿ ಹೇಳೋ ಮೊದಲೇ..."

"ಎದುರಾಳಿ ಎಲ್ಲಿ ಉಂಟು ಇಲ್ಲಿ? ಅವರು ಕೋಚ್ ಬೇಕು ಅಂತ ಕೂತವರು. ನನ್ನ ಪೇಶೆಂಟಿನ ಹತ್ರ ನಾನು ಮೊದಲೇ ಹೇಳ್ತೇನಾ, ನೋಡಿ, ನಂಗೆ ಕಾಲೇಜಲ್ಲಿ ಗೋಲ್ಡ್ ಮೆಡಲ್ ಬರ್ಲಿಲ್ಲ, ಒಂದ್ಸಲ ಫೇಲೂ ಆಗಿದ್ದೆ, ಆದರೂ ಹೊಟ್ಟೆ ತೋರಿಸಿ ಅಂತ?"

"ರೀ, ಫೇಲ್ ಆಗಿದ್ರಾ?" ಎಂದಳು ಅಕ್ಕ.

"ಅದು ಉದಾಹರಣೆ ಮಾರಾಯ್ತಿ!"

ಹುಡುಗಿ ಬಿದ್ದುಬಿದ್ದು ನಕ್ಕಳು. ಟಿವಿ ಮುಂದೆ ನಿಂತವನಿಗೆ ನಮ್ಮ ಕನ್ನಡ ಅರ್ಥವಾಗಲಿಲ್ಲ. ಆದರೆ ತಾನು ಸೋತೆ ಎಂದು ಅರ್ಥವಾಯಿತು. ಸುಮ್ಮನೆ ಷರಟಿನ ಮೇಲಿನ ಗುಂಡಿ ಬಿಚ್ಚಿಕೊಂಡ. ಭಾವ ಹೇಳಿದ್ದರಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ. ಚರ್ಚೆಯಲ್ಲಿ ನಮ್ಮ ವಿರುದ್ಧ ಮಾತಾಡಲೆಂದೇ ಒಬ್ಬ ಇರುತ್ತಾನೆ. ಸಂದರ್ಶನದಲ್ಲಿ ಆ ಕುರ್ಚಿ ಖಾಲಿ. ಆ ಖಾಲಿ ಕುರ್ಚಿಯಲ್ಲಿ ನಾನು ಮಿಡ್‌ಫೀಲ್ಡರನನ್ನೇ ಕೂರಿಸಿ ಅವನ ವಿರುದ್ಧ ಅವನಿಂದಲೇ ಮಾತಾಡಿಸಿದ್ದೆ.

ಸಂದರ್ಶನಕ್ಕೆ ಇನ್ನು ಒಂದು ವಾರವಿತ್ತು. ನಡುವೆ ಯುಗಾದಿ ಬಂತು.

ನಮ್ಮ ಕನ್ನಡ ಬಳಗದ ಯುಗಾದಿ ಊಟ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸಿನ ಒಂದು ಹಾಲಿನಲ್ಲಿ. ಎಲೆ ಎದುರಿನ ತಮಿಳರ ಅಂಗಡಿಯಿಂದ ಬರುತ್ತದೆ. ಅಡುಗೆಗೆ ಜನ ಸಿಗುತ್ತಾರೆ. ಬಡಿಸುವುದಕ್ಕೆ ಮಾತ್ರ ಬಳಗದ ಮಕ್ಕಳೇ. ಇಲ್ಲೇ ಹುಟ್ಟಿ ಬೆಳೆದು ಈಗ ಕಾಲೇಜಿಗೆ ಹೋಗುವವರು. ನಾವು ಕನ್ನಡದಲ್ಲಿ ಹೇಳಿದ್ದು ಅವರಿಗೆ ತಿಳಿಯುತ್ತದೆ, ಅವರ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಪ್ರತಿ ವರ್ಷವೂ ಬಡಿಸುವಿಕೆ ರಣರಂಗ. ಪಲ್ಯ ಒಬ್ಬರಿಗೆ ಮೂರು ಸಲ, ಇನ್ನೊಬ್ಬರಿಗೆ ಇಲ್ಲವೇ ಇಲ್ಲ. ಕೊನೆಯ ಸಾಲಿನವರು ಬರಿ ಅನ್ನದ ಮುಂದೆ ಧ್ಯಾನ ಮಾಡುತ್ತಾ ಕೂತಿರುತ್ತಾರೆ. ಉಡುಪಿಯವರು ಎಂಬ ಒಂದೇ ಅರ್ಹತೆಯ ಮೇಲೆ ಇದರ ಉಸ್ತುವಾರಿಯನ್ನು ಎಲ್ಲರೂ ಸೇರಿ ಭಾವನ ತಲೆಗೆ ಕಟ್ಟಿದ್ದಾರೆ.

ಎದುರು ಮನೆಯವರನ್ನೂ ಕರೆದುಕೊಂಡು ಹೋಗಿದ್ದೆವು. ಮೊದಲ ಪಂಕ್ತಿಯಲ್ಲಿ ಅವರಿಗೆ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಅನ್ನ ಬಂತು, ಸಾರು ಬರಲಿಲ್ಲ. ಸಾರಿನ ಬಕೆಟ್ಟು ಹಿಡಿದ ಹುಡುಗ, ಹಪ್ಪಳದ ಹುಡುಗಿ, ಕೋಸಂಬರಿಯ ಹುಡುಗ, ಮೂವರೂ ಒಂದೇ ತುದಿಯಲ್ಲಿ ಒಬ್ಬರಿಗೊಬ್ಬರು ಅಡ್ಡ ನಿಂತು "ಸಾರಿ, ಸಾರಿ" ಎನ್ನುತ್ತಿದ್ದರು. ಮಿಡ್‌ಫೀಲ್ಡರನಿಗೆ ತಡೆಯಲಾಗಲಿಲ್ಲ. ಎಂಜಲು ಕೈಯಲ್ಲೇ ಎಲೆ ಬಿಟ್ಟು ಎದ್ದು ನಿಂತು, "ಆ ಕಡೆ! ಆ ಕಡೆ ಖಾಲಿ ಇದೆ!" ಎಂದು ಕೈ ಬೀಸಿದ.

"ಕೂತ್ಕೊ ಮಾರಾಯ! ಪಂಕ್ತಿ ನಡುವೆ ಏಳುದಿಲ್ಲ!" ಎಂದು ಭಾವ ಹಾಲಿನ ಆ ತುದಿಯಿಂದ ಗುಡುಗಿದರು. ಭಾಷೆ ತಿಳಿಯದಿದ್ದರೂ ಅವನಿಗೆ ಫೌಲ್ ಆಯಿತೆಂದು ಗೊತ್ತಾಯಿತು. ರೆಫರಿಯ ಮುಂದೆ ಮಾಡುವ ಹಾಗೆ ಎರಡೂ ಕೈ ಮೇಲೆತ್ತಿ ತೋರಿಸಿ, ಕೂತ.

ಪಂಕ್ತಿ ಎದ್ದ ಮೇಲೆ ಕೈ ತೊಳೆದುಕೊಂಡವನೇ ನೇರ ಆ ಮಕ್ಕಳ ಹತ್ತಿರ ಹೋದ. ಎರಡನೇ ಪಂಕ್ತಿಗೆ ಇನ್ನೂ ಎಲೆ ಹಾಕುತ್ತಿದ್ದರು. ಮಕ್ಕಳ ಕೈಗೆ ಖಾಲಿ ಬಕೆಟ್ಟು ಕೊಟ್ಟು ಸಾಲಿನ ನಡುವೆ ನಡೆಸಿದ.

"ನೀವು ಬಡಿಸುವ ಎಲೆಯನ್ನೇ ನೋಡುತ್ತಾ ನಿಲ್ಲಬೇಡಿ. ಅದರ ಮುಂದಿನದು ನೋಡಿ. ಭುಜದ ಮೇಲಿಂದ ಹಿಂದೆ ನೋಡಿ, ಯಾರು ಬರುತ್ತಿದ್ದಾರೆ? ಅವನು ಹತ್ತಿರ ಬಂದರೆ ನೀವು ಮುಂದೆ ಹೋಗಿ. ಎಲ್ಲರೂ ಚೆಂಡಿನ ಹಿಂದೆ ಓಡಬೇಡಿ ಲಾ!" ಎಂದ, ಈ ದೇಶದವರ ಧಾಟಿಯಲ್ಲಿ.

"ಅಂಕಲ್, ವಾಟ್ ಬಾಲ್?" ಎಂದಳು ಹಪ್ಪಳದ ಹುಡುಗಿ.

"ಸಾರು ಈಸ್ ದ ಬಾಲ್."

ಬಳಗದ ದೊಡ್ಡವರು ದೂರದಲ್ಲಿ ನಿಂತು ಈ ಖಾಲಿ ಬಕೆಟ್ಟಿನ ಮೆರವಣಿಗೆ ನೋಡಿದರು. ಎರಡನೇ ಪಂಕ್ತಿ ಶುರುವಾಯಿತು. ಸಾರಿನ ಹುಡುಗ ಹೇಳಿಕೊಟ್ಟಂತೆ ಮುಂದಿನ ಎಲೆ ನೋಡುತ್ತಾ ಈ ಎಲೆಯನ್ನೇ ಮರೆತು ಅಕ್ಕನ ಸೀರೆಯ ಮೇಲೆ ಒಂದು ಸೌಟು ಸಾರು ಬಡಿಸಿದ. ಅದೊಂದು ಬಿಟ್ಟರೆ ಆ ಪಂಕ್ತಿ ನಡೆದ ರೀತಿ ಬೇರೆ. ಬಕೆಟ್ಟುಗಳು ಒಂದರ ಹಿಂದೆ ಒಂದು, ನಡುವೆ ಜಾಗ ಬಿಟ್ಟು, ಡಿಕ್ಕಿ ಹೊಡೆಯದೆ ಸಾಗಿದವು. ಎರಡು ಸಾಲುಗಳ ನಡುವೆ ಒಬ್ಬ ಹುಡುಗ ತುಪ್ಪದ ಪಾತ್ರೆ ಹಿಡಿದು ಸುಮ್ಮನೆ ನಿಂತಿದ್ದ.

"ಇವನೆಂತ ಕೆಲಸ ಬಿಟ್ಟು ನಿಂತದ್ದು?" ಎಂದರು ಭಾವ. ನಾನು ಅದನ್ನು ಇಂಗ್ಲಿಷಿನಲ್ಲಿ ದಾಟಿಸಿದೆ.

"ಕೆಲಸ ಮಾಡುತ್ತಿದ್ದಾನೆ. ಎಲ್ಲಿ ಬೇಕಾಗುತ್ತದೆ ಎಂದು ನೋಡುತ್ತಿದ್ದಾನೆ," ಎಂದ ಮಿಡ್‌ಫೀಲ್ಡರ್, ಕಣ್ಣು ಸಾಲಿನ ಮೇಲಿಂದ ತೆಗೆಯದೆ.

ಕೊನೆಯ ಸಾಲಿಗೆ ಸಾರು ಬಿಸಿಯಾಗಿಯೇ ಹೋಯಿತು.

ನಾನು ಅಷ್ಟು ಸುಲಭವಾಗಿ ಒಪ್ಪುವವಳಲ್ಲ. ಎರಡನೇ ಪಂಕ್ತಿಯಲ್ಲಿ ಜನ ಕಡಿಮೆ. ಮೊದಲ ಪಂಕ್ತಿಯ ತಪ್ಪಿನಿಂದಲೇ ಮಕ್ಕಳು ಸ್ವಲ್ಪ ಕಲಿತಿರುತ್ತಾರೆ. ದೊಡ್ಡವರೆಲ್ಲ ನೋಡುತ್ತಿದ್ದಾರೆಂಬ ಎಚ್ಚರವೂ ಇತ್ತು. ಇವನ್ನೆಲ್ಲ ಕಳೆದೆ. ಕಳೆದ ಮೇಲೂ ಏನೋ ಉಳಿಯಿತು. ಅದೇ ಮಕ್ಕಳು, ಅದೇ ಬಕೆಟ್ಟು, ನಡುವೆ ಇವನ ಹತ್ತು ನಿಮಿಷ. ಮಾಮಕ್ ಅಂಗಡಿಯಲ್ಲಿ ನಾನು ಎಷ್ಟು ಕೇಳಿದರೂ ಸಿಗದ ಪುರಾವೆ ಇದು. ಕೋಚ್ ಬೇಕೆಂದವರು ಇವನು ಹೇಗೆ ಆಡಿದ ಎಂದು ಯಾಕೆ ಕೇಳಬೇಕು? ಕಲಿಸಬಲ್ಲನೇ ಎಂದು ಕೇಳಬೇಕು. ಅವರು ಅದನ್ನು ಕೇಳದಿದ್ದರೆ ಅದನ್ನೇ ಕೇಳಿದರೆಂಬಂತೆ ಉತ್ತರಿಸಬೇಕು. ಚರ್ಚೆಯಲ್ಲಿ ಇದಕ್ಕೆ ವಿಷಯವನ್ನು ನಮ್ಮ ಕಡೆಯಿಂದ ವ್ಯಾಖ್ಯಾನಿಸುವುದು ಎನ್ನುತ್ತೇವೆ. ನನಗೆ ಬರುವ ವಿದ್ಯೆ.

ನಿಲಾಯ್‌ಗೆ ವಾಪಸಾಗುವಾಗ ಕಾರಿನಲ್ಲೇ ಶುರುಮಾಡಿದೆ. ಅವನು ಮುಂದಿನ ಸೀಟಿನಲ್ಲಿ ಅರ್ಧ ತಿರುಗಿ ಕೂತಿದ್ದ.

"ಆ ಊರುಗಳ ಪಟ್ಟಿ ಬೇಡ. ಪ್ರತಿ ಊರಿನಲ್ಲಿ ನಿಮಗೆ ಯಾರು ಏನು ಕಲಿಸಿದರು? ರೊಮೇನಿಯ?"

"ಅಲ್ಲಿ ಒಬ್ಬ ಮುದುಕ ಕೋಚ್. ಹಿಮ ಬಿದ್ದಾಗ ಚೆಂಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ಚೆಂಡಿಲ್ಲದೆ ಆಡಿ ಎನ್ನುತ್ತಿದ್ದ. ನಾವೆಲ್ಲ ಅವನಿಗೆ ಹುಚ್ಚು ಎಂದುಕೊಂಡಿದ್ದೆವು."

"ಇವತ್ತು ಖಾಲಿ ಬಕೆಟ್ಟು ಕೊಟ್ಟದ್ದು?"

ಅವನು ಪೂರ್ತಿ ಹಿಂದಕ್ಕೆ ತಿರುಗಿದ. "ಹೌದಲ್ಲ. ಅವನದೇ," ಎಂದ.

ಆಮೇಲೆ ಒಂದೊಂದಾಗಿ ಬಂದವು. ಸೈಪ್ರಸ್ಸಿನಲ್ಲಿ ಕ್ಲಬ್ಬು ಸೀಸನ್ನಿನ ನಡುವೆಯೇ ಬಾಗಿಲು ಹಾಕಿತು. ಹೋಗಲು ಬೇರೆ ಕಡೆಯಿಲ್ಲದ ಎಳೆಯ ಆಟಗಾರರು ಒಂದು ಶಾಲೆಯ ಮೈದಾನದಲ್ಲಿ ಸೇರಿ, ನೀನು ನಮಗಿಂತ ದೊಡ್ಡವನು, ನೀನೇ ಪ್ರಾಕ್ಟೀಸು ಮಾಡಿಸು ಎಂದರು. ಥಾಯ್ಲೆಂಡಿನಲ್ಲಿ ಯಾರ ಭಾಷೆಯೂ ಯಾರಿಗೂ ಬರುತ್ತಿರಲಿಲ್ಲ. ಹೇಳುವುದನ್ನು ಬಿಟ್ಟು ಮಾಡಿ ತೋರಿಸಲು ಕಲಿತ. ಇಲ್ಲಿ ಮಂಡಿ ಕೈಕೊಟ್ಟು ಬೆಂಚಿನ ಮೇಲೆ ಕೂತಾಗ ಆಟವನ್ನು ಮೊದಲ ಸಲ ಹೊರಗಿನಿಂದ ನೋಡಿದ. ಹದಿನೆಂಟಕ್ಕೆ ಹೊರಹಾಕಿದ್ದನ್ನೂ ಇಟ್ಟುಕೊಂಡೆವು, ಬೇರೆ ಜಾಗದಲ್ಲಿ. ಮಕ್ಕಳಿಗೆ ಬೇಡ ಎಂದು ಹೇಳಬೇಕಾದಾಗ ಹೇಗೆ ಹೇಳಬಾರದು ಎಂಬುದು ಇವನಿಗೆ ಚೆನ್ನಾಗಿ ಗೊತ್ತಿತ್ತು.

ಜಗಳವಾದದ್ದು ಮರುದಿನ ಮಾಮಕ್ ಅಂಗಡಿಯಲ್ಲಿ, ಎಡಗಾಲಿನ ಗೋಲಿನ ಬಗ್ಗೆ. ನಾನು ತೆಗೆಯಿರಿ ಎಂದೆ. ಅವನು ಮೈಲೊ ಲೋಟ ಮೇಜಿನ ಮೇಲೆ ಕುಕ್ಕಿ, "ಹಾಗಾದರೆ ನನ್ನ ಕಾಲೂ ತೆಗೆ," ಎಂದ. ಎರಡು ದಿನದ ವಾದದ ಮೇಲೆ ಒಂದೇ ವಾಕ್ಯಕ್ಕೆ, ಕಾಲು ಬೀಸದೆ, ಎಂದು ರಾಜಿಯಾಯಿತು.

ಸಂದರ್ಶನದ ಬೆಳಿಗ್ಗೆ ನನಗೆ ಪಾಠವಿರಲಿಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ಅವನ ಹೆಂಡತಿಯ ಜೊತೆ ಕೂತೆ. ಆಕೆಯದು ಮಾತು ಕಡಿಮೆ. ಮುಂದಿಟ್ಟ ಕಾಫಿ ಆರುತ್ತಿತ್ತು.

"ನನಗೆ ಅವನು ಎಂಥ ಆಟಗಾರ ಎಂಬುದು ಇವತ್ತಿಗೂ ಗೊತ್ತಿಲ್ಲ," ಎಂದಳು ಒಮ್ಮೆಲೆ. "ಮ್ಯಾಚಿಗೆ ಹೋದರೆ ಬೇರೆಯವರನ್ನೇ ನೋಡುತ್ತಿದ್ದೆ. ಚೆಂಡು ಅವರ ಹತ್ತಿರ ಇರುತ್ತಿತ್ತು."

"ಹೋಗಬೇಕಾಗಿ ಬಂದರೆ?" ಎಂದು ಕೇಳಿದೆ.

"ಹೋಗುತ್ತೇವೆ. ನನಗೆ ಅಭ್ಯಾಸ. ಮಗಳಿಗೆ ಇನ್ನೂ ಹೇಳಿಲ್ಲ."

ಇಬ್ಬರೂ ಆರಿದ ಕಾಫಿ ಕುಡಿದೆವು.

ಹತ್ತು ನಿಮಿಷದ ಮಾತಿಗೆ ಹೋದವನು ಹೊರಗೆ ಬಂದಾಗ ಶಾಲೆಯ ಮಧ್ಯಂತರದ ಗಂಟೆ ಹೊಡೆದಿತ್ತು. ಷರಟು ಬೆನ್ನಿಗೆ ಅಂಟಿತ್ತು.

"ಏನಾಯಿತು?"

"ಮಾತಾಡಿದೆ. ಆಮೇಲೆ ಅವರ ಕುರ್ಚಿ ಕೇಳಿದೆ."

"ಕುರ್ಚಿ?"

"ಎಲ್ಲರನ್ನೂ ಎಬ್ಬಿಸಿದೆ. ಕುರ್ಚಿಗಳನ್ನು ಎದುರಾಳಿ ತಂಡ ಮಾಡಿ ನಿಲ್ಲಿಸಿದೆ. ಪ್ರಿನ್ಸಿಪಾಲರನ್ನು ನಡುವೆ ನಿಲ್ಲಿಸಿ ಭುಜದ ಹಿಂದೆ ನೋಡಲು ಕಲಿಸಿದೆ. ಅವರಿಗೆ ಕತ್ತು ನೋವು ಇದೆಯಂತೆ. ಆದರೂ ಚೆನ್ನಾಗಿ ನೋಡಿದರು."

ಇದು ನಾನು ಹೇಳಿಕೊಟ್ಟದ್ದಲ್ಲ. ಮೊದಲೇ ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದೆ. "ಗೋಲು?" ಎಂದೆ.

"ಒಂದೇ ವಾಕ್ಯ," ಎಂದ. "ಸ್ವಲ್ಪ ಉದ್ದ."

ಉತ್ತರ ಬರಲು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಅವನು ಲಿಫ್ಟಿನ ಕನ್ನಡಿ ನೋಡುವುದನ್ನೂ ಬಿಟ್ಟಿದ್ದ. ಒಂದು ಸಂಜೆ ಎದುರು ಮನೆಯಿಂದ ಕಿರುಚಾಟ ಕೇಳಿ ನಾವೆಲ್ಲ ಹೊರಗೆ ಓಡಿದೆವು. ಕೆಲಸ ಸಿಕ್ಕಿತ್ತು. ಅವನು ಆಸೆಪಟ್ಟಿದ್ದ ದೊಡ್ಡ ಹುಡುಗರ ತಂಡವಲ್ಲ, ಹನ್ನೆರಡರ ಒಳಗಿನ ಹುಡುಗ-ಹುಡುಗಿಯರದು. ಜೊತೆಗೆ ಈಜುಕೊಳದ ಉಸ್ತುವಾರಿ ಬೇರೆ. ಇವನಿಗೆ ಈಜು ಬರುವುದಿಲ್ಲ. ಅದನ್ನು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

"ನೋಡು, ಪೂರ್ವಖಂಡನೆ ಮಾಡ್ಲಿಲ್ಲ ಅವನು," ಎಂದರು ಭಾವ ನನ್ನ ಕಡೆ ಕಣ್ಣು ಹೊಡೆದು.

ಅವನು ಒಳ್ಳೆಯ ಮಿಡ್‌ಫೀಲ್ಡರ್ ಆಗಿದ್ದನೇ? ನನಗೆ ಈಗಲೂ ಗೊತ್ತಿಲ್ಲ. ಹೌದು ಎನ್ನಲು ನನ್ನ ಹತ್ತಿರ ಇರುವ ಸಾಕ್ಷ್ಯವೆಲ್ಲ ಒಂದು ಪಂಕ್ತಿ ಊಟದ್ದು, ಅದನ್ನು ಯಾವ ತೀರ್ಪುಗಾರರೂ ಒಪ್ಪುವುದಿಲ್ಲ. ಆದರೆ ಶಾಲೆಯ ಬೇಲಿಯ ಹೊರಗೆ ನಿಂತ ಒಬ್ಬ ತಂದೆ ಮೊನ್ನೆ, "ಮಕ್ಕಳು ಚೆಂಡೇ ಇಲ್ಲದೆ ಓಡಾಡುತ್ತಿದ್ದಾರೆ, ಇದೆಂಥ ಕೋಚಿಂಗ್?" ಎಂದು ಗೊಣಗಿದಾಗ, ಆತನ ಕಾರಿನವರೆಗೂ ಹಿಂದೆ ಹೋಗಿ ವಾದಿಸಿದೆ. ಯಾರೂ ಚೀಟಿ ಕೊಟ್ಟಿರಲಿಲ್ಲ.

ಕಳೆದ ಭಾನುವಾರ ಅವರ ಮನೆಗೆ ಒಂದು ಮರದ ಬೀರು ಬಂತು. ಮದುವೆಯಾದಾಗಿನಿಂದ ಕ್ಲಬ್ಬಿನವರು ಕೊಟ್ಟ ಮನೆಗಳಲ್ಲಿ, ಕ್ಲಬ್ಬಿನವರದೇ ಮಂಚ-ಮೇಜಿನ ನಡುವೆ, ಸೂಟ್‌ಕೇಸು ಬಿಚ್ಚಿ ಕಟ್ಟಿ ಬದುಕಿದವಳು ಅವನ ಹೆಂಡತಿ. ಹೋಗುವಾಗ ವಿಮಾನದಲ್ಲಿ ಒಯ್ಯಲಾಗದ್ದನ್ನು ಆಕೆ ಕೊಂಡದ್ದು ಇದೇ ಮೊದಲಂತೆ. ತೇಗವೋ ಏನೋ, ಕಲ್ಲಿನಷ್ಟು ಭಾರ. ಲಿಫ್ಟಿಗೆ ಹಿಡಿಸಲಿಲ್ಲ. ಅಂಗಡಿಯವರು ಕೆಳಗಿಳಿಸಿ ಹೋಗಿಬಿಟ್ಟಿದ್ದರು.

ಅವನೂ ಭಾವನೂ ಕೆಳಗಿನಿಂದ ಎತ್ತಿದರು. ನಾನೂ ಅಕ್ಕನೂ ಮೇಲಿನಿಂದ. ಬೀರುವಿನ ಬಾಗಿಲುಗಳು ತೆರೆದುಕೊಳ್ಳದಂತೆ ಮಕ್ಕಳಿಬ್ಬರು ಹಿಡಿದುಕೊಂಡಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ಬೀರು ಗೋಡೆಗೂ ಕಟಾಂಜನಕ್ಕೂ ನಡುವೆ ಸಿಕ್ಕಿಕೊಂಡಿತು.

"ಎಡಕ್ಕೆ ತಿರುಗಿಸಿ," ಎಂದೆ.

"ಎಡಕ್ಕೆ ಬಂದ್ರೆ ನನ್ನ ಕೈ ಹೋಗ್ತದೆ ಮಾರಾಯ್ತಿ!"

"ಭಾವ, ತರ್ಕದ ಪ್ರಕಾರ ಮೊದಲು ತಲೆ ಬರಬೇಕು, ಆಮೇಲೆ..."

"ಎತ್ತರಿಸಿ, ಎತ್ತರಿಸಿ! ಅಲ್ಲಿ ಜಾಗ ಇದೆ!" ಎಂದು ಬೀರುವಿನ ಹಿಂದಿನಿಂದ ಪೋರ್ಚುಗಲ್ಲಿನ ಧ್ವನಿ.

"ನಿಮಗೆ ಅಲ್ಲಿಂದ ಏನೂ ಕಾಣುತ್ತಿಲ್ಲ, ಹೇಗೆ ಹೇಳುತ್ತೀರಿ?"

"ಟೀಚರ್, ಮೊದಲು ಹಿಡಿದುಕೊ. ಆಮೇಲೆ ವಾದ."

ಹಿಡಿದುಕೊಂಡೆ. ಮೇಲಿನ ಮೆಟ್ಟಿಲಲ್ಲಿ ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, ಬೀರು ಯಾವ ಗೋಡೆಗೆ ಬರಬೇಕೆಂದು ಮಗಳಿಗೆ ವಿವರಿಸುತ್ತಿದ್ದಳು.